ಅರ್ಧ ಟಿಕೆಟ್ಟಿಗೆ ಒಂದು ಮೊಳ

ಮದುವೆಮನೆಗೆ ಹೊರಟ ಕಾರಿನಲ್ಲಿ ಎಷ್ಟು ಜನ ಎಂದು ಕೇಳಿ ನೋಡಿ. ‘ಐದು ಜನ, ಮೂರು ಮಕ್ಕಳು’ ಎಂಬ ಉತ್ತರ ಬರುತ್ತದೆ. ಮಕ್ಕಳು ಜನದ ಲೆಕ್ಕಕ್ಕೆ ಸೇರುವುದಿಲ್ಲ. ಬಸ್ಸಿನಲ್ಲಿ ಅವರಿಗೆ ಅರ್ಧ ಟಿಕೆಟ್ಟು, ಇನ್ನೂ ಚಿಕ್ಕವರಾದರೆ ಟಿಕೆಟ್ಟೇ ಇಲ್ಲ. ಕಂಕುಳಲ್ಲೊಂದು, ತೊಡೆಯ ಮೇಲೊಂದು, ಮುಂದಿನ ಎರಡು ಸೀಟಿನ ನಡುವೆ ನಿಂತುಕೊಂಡು ಹಾರನ್ ಒತ್ತಲು ಕೈ ಚಾಚುವುದೊಂದು. ನಾನೂ ಹೀಗೇ ಬೆಳೆದವನು, ನೀವೂ ಬಹುಶಃ.

ಈ ಲೆಕ್ಕ ತಲೆಕೆಳಗಾಗುವುದು ಮಕ್ಕಳ ಸೀಟು ಕೊಂಡ ದಿನ. ಕೂತ ದೊಡ್ಡವರಿಗೆ ಒಂದೂಮುಕ್ಕಾಲು ಗೇಣು ಅಗಲ ಸಿಕ್ಕರೆ ಹೇಗೋ ನಡೆಯುತ್ತದೆ. ಆರು ತಿಂಗಳ ಕೂಸಿನ ಸೀಟಿಗೆ ಮಾತ್ರ ಸುಮಾರು 44 ಸೆಂಟಿಮೀಟರು ಬೇಕು. ಹೂವಾಡಗಿತ್ತಿಯ ಕೈಯಲ್ಲಿ ಅದು ಸರಿಯಾಗಿ ಒಂದು ಮೊಳ. ಮೈ ಚಿಕ್ಕದಾದಷ್ಟೂ ಜಾಗ ಹೆಚ್ಚು. ಮಲ್ಲಿಗೆಯವಳಾದರೆ ಚೌಕಾಸಿಗೆ ಒಂದು ಗೇಣು ಹೆಚ್ಚಿಗೆ ಕೊಟ್ಟಾಳು, ಕಾರಿನ ಬಾಗಿಲು ಒಂದು ಅಂಗುಲವನ್ನೂ ಕೊಡುವುದಿಲ್ಲ.

ಇದು ನನಗೆ ತಿಳಿದದ್ದು ತಮ್ಮನ ಮನೆಯಲ್ಲಿ ಅವಳಿ ಹುಟ್ಟಿದ ಮೇಲೆ. ದೊಡ್ಡ ಮಗಳಿಗೆ ಐದು ವರ್ಷ. ಬಾಣಂತನ ಮುಗಿಸಿ ಹಾಸನದಿಂದ ಬೆಂಗಳೂರಿಗೆ ವಾಪಸು ಬರುವ ಹೊತ್ತಿಗೆ ಇದ್ದ ಹ್ಯಾಚ್‌ಬ್ಯಾಕ್ ಸಾಲದು ಎಂಬುದು ಖಚಿತವಾಗಿತ್ತು. ಅಮ್ಮ ಮಾತ್ರ ಒಪ್ಪಲಿಲ್ಲ. ‘ಒಂದನ್ನ ನಾನು ಎತ್ಕೋತೀನಿ, ಒಂದನ್ನ ಅವಳು ಎತ್ಕೋತಾಳೆ. ನಿಮ್ಮನ್ನೆಲ್ಲ ಹಾಗೇ ತಾನೆ ಸಾಕಿದ್ದು?’

ಅಮ್ಮನ ಮಾತಿಗೆ ಉತ್ತರ ಕೊಡದೆ ಮುಂದೆ ಹೋಗುವುದು ನ್ಯಾಯವಲ್ಲ, ಏಕೆಂದರೆ ಅದು ನಮ್ಮೆಲ್ಲರ ಮಾತು. ಗಂಟೆಗೆ 50 ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರು. ಗುದ್ದಿದ ಕಾರು ಸೆಕೆಂಡಿನ ಹತ್ತರಲ್ಲೊಂದು ಭಾಗದಲ್ಲಿ ನಿಂತಿತು ಎನ್ನಿ. ಆ ಗಳಿಗೆಯಲ್ಲಿ 10 ಕಿಲೋ ತೂಕದ ಕೂಸನ್ನು ಹಿಡಿದಿಟ್ಟುಕೊಳ್ಳಲು ಬೇಕಾಗುವ ಬಲ ಸುಮಾರು 140 ಕಿಲೋ ಎತ್ತುವಷ್ಟು. ಐವತ್ತು ಕಿಲೋದ ಮೂರು ಅಕ್ಕಿಮೂಟೆಯನ್ನು ಒಮ್ಮೆಲೇ ತಬ್ಬಿ ಹಿಡಿಯುವ ತಾಯಿ ಯಾವ ಊರಿನಲ್ಲೂ ಇಲ್ಲ. ಮಡಿಲು ಪ್ರೀತಿಯ ಜಾಗ ಹೌದು, ರಕ್ಷಣೆಯ ಜಾಗವಲ್ಲ. ಕೂಸಿನ ತಲೆ ಮೈಗೆ ಹೋಲಿಸಿದರೆ ಭಾರ, ಕತ್ತು ಎಳೆಯದು. ಅದಕ್ಕೇ ಕೂಸಿನ ಸೀಟನ್ನು ಹಿಂದಕ್ಕೆ ಮುಖಮಾಡಿ ಕಟ್ಟುವುದು: ಏಟು ಬೆನ್ನು, ತಲೆ, ಕತ್ತು ಮೂರಕ್ಕೂ ಹಂಚಿಹೋಗಲಿ ಎಂದು. 1960ರ ದಶಕದಲ್ಲಿ ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಇಂಥ ಸೀಟನ್ನು ರೂಪಿಸಿದಾಗ ಅವರ ಕಣ್ಣಮುಂದಿದ್ದದ್ದು ಜೆಮಿನಿ ಗಗನನೌಕೆಯಲ್ಲಿ ಬೆನ್ನ ಮೇಲೆ ಒರಗಿ ಮೇಲೇರುತ್ತಿದ್ದ ಗಗನಯಾತ್ರಿಗಳು. ಇಷ್ಟನ್ನೂ ಅಮ್ಮನಿಗೆ ಹೇಳಿದೆ. ‘ಹಾಗಾದ್ರೆ ನಿಧಾನಕ್ಕೆ ಓಡ್ಸಿ’ ಎಂದರು.

ಸರಿ, ಷೋರೂಮಿಗೆ ಹೋದೆವು. ಹುಡುಗ ಮೊದಲು ಸನ್‌ರೂಫ್ ತೆರೆದು ತೋರಿಸಿದ, ಆಮೇಲೆ ಹಿಂದಿನ ಬಾಗಿಲು. ‘ಮೂರು ಜನ ಆರಾಮಾಗಿ ಕೂರ್ತಾರೆ ಸಾರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರೆ ನಾಲ್ಕು.’ ನಾನು ಟೇಪು ತೆಗೆದೆ. ಕೂರುವ ಮಟ್ಟದಲ್ಲಿ ಬಾಗಿಲಿಂದ ಬಾಗಿಲಿಗೆ 130 ಸೆಂಟಿಮೀಟರು. ನಮ್ಮ ಸೀಟುಗಳು: ಅವಳಿಗಳವು 44, 44, ದೊಡ್ಡವಳ ಬೂಸ್ಟರ್ 40. ಕೂಡಿದರೆ 128. ಎರಡು ಸೆಂಟಿಮೀಟರು ಉಳಿತಾಯ! ತಮ್ಮನ ಮುಖ ಅರಳಿತು.

ಸೀಟುಗಳನ್ನು ಜೊತೆಗೇ ತಂದಿದ್ದೆವು, ಕಟ್ಟಿ ನೋಡಿದೆವು. ಎರಡು ತುದಿಯಲ್ಲಿ ಐಸೋಫಿಕ್ಸ್ ಕೊಕ್ಕೆಗಳಿವೆ. ಕಟಕ್ ಎಂದು ಕೂತರೆ ಸೀಟು ಅಲ್ಲಾಡುವುದಿಲ್ಲ. ತೊಂದರೆಯೂ ಅದೇ. ಕೊಕ್ಕೆ ಎಲ್ಲಿದೆಯೋ ಸೀಟು ಅಲ್ಲೇ, ಬಾಗಿಲಿನ ಕಡೆಗೆ ಒಂದಿಷ್ಟೂ ಸರಿಯದು. ಬಾಗಿಲ ಪಕ್ಕ ಎರಡೂ ಕಡೆ ಎರಡು ಬೆರಳಿನ ಜಾಗ ಸುಮ್ಮನೆ ವ್ಯರ್ಥವಾಗಿ, ನಡುವೆ ಉಳಿದದ್ದು 36 ಸೆಂಟಿಮೀಟರು. ಕೊಕ್ಕೆ ಬಿಚ್ಚಿ, ಕೂಸುಗಳ ಸೀಟನ್ನು ಕಾರಿನ ಬೆಲ್ಟಿನಿಂದಲೇ ಬಿಗಿದು ಬಾಗಿಲಿಗೆ ಒತ್ತರಿಸಿದೆವು. ಬೂಸ್ಟರ್ ನಡುವೆ ಇಳಿಯಿತು. ಮಗಳು ಹತ್ತಿ ಕೂತಳು, ಬೆಲ್ಟ್ ಎಳೆದುಕೊಂಡಳು, ಎರಡು ನಿಮಿಷ ಬಗ್ಗಿ ತಡಕಾಡಿದಳು. ‘ದೊಡ್ಡಪ್ಪಾ, ಹಾಕೋ ಜಾಗಾನೇ ಸಿಗ್ತಿಲ್ಲ.’ ಬಕಲ್ ಬೂಸ್ಟರಿನ ಅಡಿಗೆ ಸೇರಿಹೋಗಿತ್ತು. ನನ್ನ ಕೈಯೂ ಒಳಗೆ ಹೋಗಲಿಲ್ಲ. ತಮ್ಮನ ಹೆಂಡತಿ, ತೆಳ್ಳಗಿನ ಕೈಯವಳು, ಹೇಗೋ ನುಗ್ಗಿಸಿ ಸಿಕ್ಕಿಸಿದಳು, ಬಳೆಯೊಂದು ಒಡೆಯಿತು. ‘ಭಾವ, ದಿನಾ ಸ್ಕೂಲಿಗೆ ಬಿಡೋವಾಗ ಇದು ಆಗೋ ಕೆಲ್ಸವಲ್ಲ’ ಎಂದಳು. ಅಲ್ಲಿಗೆ ಆ ಕಾರಿನ ಕತೆ ಮುಗಿಯಿತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಗಾದೆ ಉದ್ದದ ಮಾತಾಡಿತು, ಅಗಲದ ಸುದ್ದಿಗೆ ಹೋಗಲಿಲ್ಲ. ನಮ್ಮ ಕಾರು ಉದ್ಯಮವೂ ಹಾಗೇ. 2006ರ ಬಜೆಟ್ಟಿನಲ್ಲಿ ಚಿಕ್ಕ ಕಾರಿನ ಸುಂಕ ಇಳಿದಾಗ ‘ಚಿಕ್ಕದು’ ಎಂಬುದರ ಅಳತೆ ನಾಲ್ಕು ಮೀಟರ್ ಉದ್ದ ಮತ್ತು ಎಂಜಿನ್ನಿನ ಗಾತ್ರ. 2025ರ ಸೆಪ್ಟೆಂಬರ್ 22ರಿಂದ ಆ ಗೆರೆಯ ಒಳಗಿನ ಕಾರಿಗೆ ಜಿಎಸ್‌ಟಿ ಶೇ. 18, ಹೊರಗಿನದಕ್ಕೆ ಶೇ. 40. ಗೆರೆ ದಾಟದಿರಲು ಡಿಕ್ಕಿ ಕತ್ತರಿಸಿ, ಮೂತಿ ಮೊಂಡಾಗಿಸಿ ಏನೆಲ್ಲ ಮಾಡಿದರು. ಅಗಲಕ್ಕೆ ಮಾತ್ರ ತೆರಿಗೆಯ ಹಂಗಿಲ್ಲ. ಆದರೂ ಅದನ್ನು ಹಿಂದಿನ ಸೀಟಿನ ಮಕ್ಕಳಿಗಾಗಿ ಬಳಸುವ ಯೋಚನೆ ಇಲ್ಲಿ ಯಾರಿಗೂ ಬಂದಂತಿಲ್ಲ. ಇಟಲಿಯಲ್ಲಿ ಒಮ್ಮೆ ಬಂದಿತ್ತು. 1998ರಲ್ಲಿ ಹೊರಬಂದ ಫಿಯೆಟ್ ಮಲ್ಟಿಪ್ಲಾ ಉದ್ದದಲ್ಲಿ ನಾಲ್ಕು ಮೀಟರಿಗೂ ಕೂದಲೆಳೆಯಷ್ಟು ಕಡಿಮೆ, ಅಗಲ 1.87 ಮೀಟರು. ಮುಂದೆ ಮೂರು, ಹಿಂದೆ ಮೂರು, ಆರೂ ಬಿಡಿಬಿಡಿ ಸೀಟು. ಜಗತ್ತಿನ ಕುರೂಪಿ ಕಾರುಗಳ ಪಟ್ಟಿಯಲ್ಲಿ ಅದಕ್ಕೆ ಖಾಯಂ ಜಾಗ. ಹಣೆಯ ಮೇಲೊಂದು ಬಾವು ಎದ್ದಂತೆ ಕಾಣುವ ಆ ಮೂತಿ ನನಗೂ ಇಷ್ಟವಿಲ್ಲ. ಆದರೆ ಮೂರು ಮಕ್ಕಳ ತಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಗೆರೆ ಎಳೆದ ಕಾರು ಅದು.

ಏಳು ಸೀಟಿನ ಕಾರು ಕೊಂಡರಾಯಿತಲ್ಲ ಎನ್ನುವವರಿಗೆ ಒಂದು ಲೆಕ್ಕ. ಮಾರುತಿ ಸ್ವಿಫ್ಟ್‌ನ ಅಗಲ 1,735 ಮಿಲಿಮೀಟರು. ಏಳು ಸೀಟಿನ ಎರ್ಟಿಗಾದ ಅಗಲವೂ ಅಷ್ಟೇ, 1,735. ಏಳು ಸೀಟಿನದೇ ಆದ ಟ್ರೈಬರ್ ನಾಲ್ಕು ಮಿಲಿಮೀಟರು ಹೆಚ್ಚು. ಸಾಲು ಹೆಚ್ಚಿತು, ಸಾಲಿನ ಅಗಲ ಹೆಚ್ಚಲಿಲ್ಲ. ಅಂದರೆ ಇಲ್ಲಿ ಮೂರು ಸೀಟನ್ನು ಒಂದೇ ಸಾಲಿನಲ್ಲಿ ಕೂರಿಸುವ ಹಟವನ್ನೇ ಬಿಡಬೇಕು, ಒಂದನ್ನು ಹಿಂದಕ್ಕೆ ಕಳಿಸಬೇಕು. ಹೋಗುವುದು ಹೇಗೆ? ನಡುಸಾಲಿನ ಸೀಟನ್ನು ಮಡಚಿ. ಅದರ ಮೇಲೆ ಕೂಸಿನ ಸೀಟು ಬಿಗಿದಿದ್ದರೆ ಮಡಚಲಾಗದು. ಡಿಕ್ಕಿಯಿಂದ ಹತ್ತಿಸಿಕೊಳ್ಳುವ ಮನೆಗಳನ್ನು ಕಂಡಿದ್ದೇನೆ. ಸಾಮಾನು ತುಂಬಿದಂತೆ ಮಗುವನ್ನು ತುಂಬುವುದು.

ಹಾಗಾಗಿ ನಾವು ಕೊನೆಗೆ ಒಪ್ಪಿದ್ದು ಏಳರ ಬದಲು ಆರು ಸೀಟಿನದು. ನಡುಸಾಲಿನಲ್ಲಿ ಎರಡು ಕ್ಯಾಪ್ಟನ್ ಸೀಟು, ಎರಡಕ್ಕೂ ಐಸೋಫಿಕ್ಸ್, ನಡುವೆ ಓಣಿ. ಅವಳಿಗಳು ಅಲ್ಲಿ. ದೊಡ್ಡವಳು ಓಣಿಯಲ್ಲಿ ನುಸುಳಿ ಹಿಂದಿನ ಸಾಲಿನ ಬೂಸ್ಟರಿಗೆ, ಅವಳ ಪಕ್ಕ ಅವಳ ಅಮ್ಮ. ಮುಂದೆ ಅಪ್ಪ, ಅಜ್ಜಿ. ಕೊನೆಯ ಸಾಲು ಹಿಂಬಾಗಿಲಿಗೆ ತೀರ ಹತ್ತಿರ ಎಂಬ ಅಳುಕು ನನಗೆ ಇಂದಿಗೂ ಇದೆ. ಅಲ್ಲಿ ಮೂರು ಬಿಂದುವಿನ ಬೆಲ್ಟೂ ತಲೆಯಾಸರೆಯೂ ಇಲ್ಲದ ಕಾರಾಗಿದ್ದರೆ ಬೇಡವೆನ್ನುತ್ತಿದ್ದೆ. ದುಡ್ಡು? ಮೊದಲು ನೋಡಿದ ಕಾರಿಗಿಂತ ಬಹಳ ಹೆಚ್ಚಾಯಿತು. ಒಂದು ಮಗುವಿನ ಬೆಲ್ಟಿಗಾಗಿ ಕಾರಿನ ವರ್ಗವನ್ನೇ ಬದಲಿಸಬೇಕಾಯಿತು.

ಈ ಬೆಲೆಯನ್ನು ಇನ್ನೊಂದು ಕಡೆಯಿಂದ ಲೆಕ್ಕ ಹಾಕಿದವರು ಅಮೆರಿಕದಲ್ಲಿದ್ದಾರೆ. ಅಲ್ಲಿ ಮಕ್ಕಳ ಸೀಟಿನ ಕಾನೂನು ಮೊದಲು ಜಾರಿಯಾದದ್ದು ಟೆನೆಸ್ಸಿಯಲ್ಲಿ, 1978ರಲ್ಲಿ. 1985ರ ಹೊತ್ತಿಗೆ ಎಲ್ಲ ರಾಜ್ಯಗಳಲ್ಲೂ ಬಂತು. ಸೀಟು ಬಳಸಬೇಕಾದ ವಯಸ್ಸು ಆಮೇಲೆ ಏರುತ್ತಾ ಹೋಯಿತು. ಜೋರ್ಡನ್ ನಿಕರ್‌ಸನ್, ಡೇವಿಡ್ ಸಾಲೊಮನ್ ಎಂಬ ಪ್ರಾಧ್ಯಾಪಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡು ಮಕ್ಕಳು ಸೀಟಿನ ವಯಸ್ಸಿನಲ್ಲಿರುವ ಮನೆಗಳಲ್ಲಿ ಮೂರನೆಯ ಮಗು ಹುಟ್ಟುವುದು ಕಡಿಮೆಯಾಗಿದೆ, ಅದೂ ಕಾರಿರುವ ಮನೆಗಳಲ್ಲಿ. ಅವರ ಅಂದಾಜಿನಲ್ಲಿ ಈ ಕಾನೂನುಗಳು 2017ರಲ್ಲಿ 57 ಮಕ್ಕಳ ಸಾವನ್ನು ತಪ್ಪಿಸಿದವು. ಅದೇ ವರ್ಷ ಸುಮಾರು 8,000 ಜನನಗಳನ್ನೂ ತಪ್ಪಿಸಿದವು. ನಮ್ಮಲ್ಲಿ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆದು, ಗೋಡೆಗೋಡೆಯ ಮೇಲೆ ‘ನಾವಿಬ್ಬರು ನಮಗಿಬ್ಬರು’ ಎಂದು ಸಾರಿ ಸರ್ಕಾರ ಹೇಳಿದ್ದನ್ನು ಅಲ್ಲಿ ಪ್ಲಾಸ್ಟಿಕ್ ಸೀಟೊಂದು ಸದ್ದಿಲ್ಲದೆ ಹೇಳಿತು.

ಹಾಗಾದರೆ ಆ ಕಾನೂನೇ ತಪ್ಪೇ? ಹುಟ್ಟದ ಮಕ್ಕಳನ್ನೂ ಉಳಿದ ಮಕ್ಕಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನನ್ನಿಂದಾಗದ ಕೆಲಸ. ಆದರೆ ಒಂದು ವಿಷಯ ಒಪ್ಪಬೇಕು. ಎಲ್ಲ ವಯಸ್ಸಿಗೂ ಸೀಟಿನ ಲಾಭ ಒಂದೇ ಅಲ್ಲ. ಕೂಸಿನ ವಿಷಯದಲ್ಲಿ ವಾದವೇ ಇಲ್ಲ. ಎರಡು ವರ್ಷ ದಾಟಿದ ಮಕ್ಕಳ ಸಾವನ್ನು ತಡೆಯುವುದರಲ್ಲಿ ಸಾಮಾನ್ಯ ಬೆಲ್ಟು ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡುತ್ತದೆ ಎಂದು ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ವಾದಿಸಿದ್ದರು. ಅಂಕಿಅಂಶ ಹಿಡಿದೇ ಅದನ್ನು ಅಲ್ಲಗಳೆದ ವೈದ್ಯಕೀಯ ಸಂಶೋಧಕರೂ ಇದ್ದಾರೆ. ನನ್ನ ಮಟ್ಟಿಗೆ ಬೂಸ್ಟರ್ ಬೇಕು: ಅದಿಲ್ಲದಿದ್ದರೆ ಬೆಲ್ಟಿನ ಪಟ್ಟಿ ಮಗುವಿನ ಹೆಗಲ ಬದಲು ಕತ್ತಿನ ಮೇಲೆ, ತೊಡೆಯ ಬದಲು ಹೊಟ್ಟೆಯ ಮೇಲೆ ಹಾಯುತ್ತದೆ. ತಪ್ಪು ಸೀಟಿನದಲ್ಲ, ಸೀಟು ಕೂರಬೇಕಾದ ಬೆಂಚಿನದು.

ನಮ್ಮ ಕಾನೂನಿನ ಮಾತಿಗೆ ಬಂದರೆ, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಬಿ ಕಲಮಿನಂತೆ 14 ವರ್ಷದೊಳಗಿನ ಮಗುವಿಗೆ ಬೆಲ್ಟಾಗಲಿ ಮಕ್ಕಳ ಸೀಟಾಗಲಿ ಇಲ್ಲದಿದ್ದರೆ 1,000 ರೂಪಾಯಿ ದಂಡ. ದಂಡ ಕಟ್ಟಿದವರನ್ನು ನಾನಂತೂ ನೋಡಿಲ್ಲ. 2023ರಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮಕ್ಕಳ ರಕ್ಷಣೆಗೆ ಪ್ರತ್ಯೇಕವಾಗಿ 49 ಅಂಕಗಳಿವೆ. ಇದು ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಕಾರನ್ನು ಗುದ್ದಿಸುವಾಗ ಒಳಗೆ ಕೂರಿಸುವ ಸಂಸಾರ ನೋಡಿ: ಮುಂದೆ ದೊಡ್ಡವರ ಗೊಂಬೆ ಎರಡು, ಹಿಂದೆ ಮಕ್ಕಳ ಗೊಂಬೆ ಎರಡು, ಒಂದಕ್ಕೆ ಒಂದೂವರೆ ವರ್ಷ, ಇನ್ನೊಂದಕ್ಕೆ ಮೂರು. ಗೋಡೆಬರಹದ ಸಂಸಾರವೇ ಪರೀಕ್ಷಾ ಕೊಠಡಿಗೂ ಬಂದು ಕೂತಿದೆ.

ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಮೂರನೆಯದರ ಚಿಂತೆ ಯಾಕೆ ಎಂದು ಕೇಳಬಹುದು. ಅದಕ್ಕಿಂತ ದೊಡ್ಡ ಪ್ರಶ್ನೆಯೂ ಇದೆ: ಸ್ಕೂಟರಿನ ಮುಂದೆ ನಿಂತು ಶಾಲೆಗೆ ಹೋಗುವ ಮಕ್ಕಳ ಮುಂದೆ ಇದು ಉಳ್ಳವರ ಗೋಳಲ್ಲವೇ? ಉಳ್ಳವರದೇ, ಒಪ್ಪಿದೆ. ಆದರೆ ಮೂರನೆಯ ಮಗು ಯಾವಾಗಲೂ ನಮ್ಮದೇ ಆಗಿರಬೇಕಿಲ್ಲ. ಬೇಸಿಗೆ ರಜೆಗೆ ಬಂದ ತಂಗಿಯ ಮಗ, ಶಾಲೆಗೆ ಜೊತೆಯಲ್ಲಿ ಹೋಗುವ ಪಕ್ಕದ ಮನೆಯವಳು, ಜಾತ್ರೆಗೆ ಹೊರಟಾಗ ‘ನಾನೂ ಬರ್ತೀನಿ’ ಎಂದು ಅತ್ತು ಹತ್ತಿದ್ದು. ಎರಡಕ್ಕೆ ಬೆಲ್ಟು ಬಿಗಿದು ಮೂರನೆಯದನ್ನು ತೊಡೆಗೆ ಹಾಕಿಕೊಳ್ಳುವಾಗ ಅದು ಸಾಮಾನ್ಯವಾಗಿ ಬೇರೆಯವರ ಮಗುವೇ ಆಗಿರುತ್ತದೆ.

ಕಾರಿನ ಕರಪತ್ರದಲ್ಲಿ ಡಿಕ್ಕಿಗೆ ಎಷ್ಟು ಲೀಟರು ಹಿಡಿಯುತ್ತದೆ ಎಂದು ಬರೆಯುತ್ತಾರೆ, ಟಚ್‌ಸ್ಕ್ರೀನ್ ಎಷ್ಟು ಅಂಗುಲ ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ. ಹಿಂದಿನ ಸೀಟಿನ ಅಗಲ, ಎರಡು ಕೊಕ್ಕೆಗಳ ನಡುವಿನ ಅಂತರ, ಒಟ್ಟಿಗೆ ಎಷ್ಟು ಮಕ್ಕಳ ಸೀಟು ಕಟ್ಟಬಹುದು ಎಂಬ ಮೂರು ಸಾಲು ನಾವು ನೋಡಿದ ಯಾವ ಕರಪತ್ರದಲ್ಲೂ ಇರಲಿಲ್ಲ. ಅದನ್ನು ಕಡ್ಡಾಯ ಮಾಡಲು ಹೊಸ ಕಾಯ್ದೆ ಬೇಕಿಲ್ಲ, ಸಾರಿಗೆ ಸಚಿವಾಲಯದ ಒಂದು ಅಧಿಸೂಚನೆ ಸಾಕು. ಅಲ್ಲಿಯವರೆಗೆ ಕಾರು ನೋಡಲು ಹೊರಟವರು ಟೇಪು ಇಟ್ಟುಕೊಂಡು ಹೋಗಿ, ಮನೆಯ ಮಕ್ಕಳ ಸೀಟುಗಳನ್ನೂ ಹೊತ್ತುಕೊಂಡು ಹೋಗಿ. ಎಲ್ಲವನ್ನೂ ಕಟ್ಟಿ, ಬಾಗಿಲು ಮುಚ್ಚಿ, ಬಕಲನ್ನು ಮಗುವಿನ ಕೈಯಲ್ಲೇ ಹಾಕಿಸಿ ನೋಡಿ. ಮುಂಗಡ ಅದಾದ ಮೇಲೆ.