ಬಡವನ ಕೋಪ ದವಡೆಗೆ ಮೂಲ... ದೊಡ್ಡವರ ಕೋಪ?

ಸಂತೆಯ ದಿನ ಸಾಯಂಕಾಲ ಬಸ್ ಸ್ಟ್ಯಾಂಡಿಗೆ ಹೋದವರಿಗೆ ಈ ನೋಟ ಹೊಸದಲ್ಲ. ಬಸ್ಸು ತುಂಬಿ ತುಳುಕುತ್ತಿದೆ. ತಲೆಗೆ ಟವೆಲ್ ಸುತ್ತಿದ ಹಮಾಲಿಯೊಬ್ಬ 18 ರೂಪಾಯಿ ಟಿಕೆಟ್ಟಿಗೆ 500ರ ನೋಟು ಚಾಚಿದ್ದಾನೆ. ಅವತ್ತಿನ ಕೂಲಿ ಅವನ ಕೈಗೆ ಬಂದದ್ದೇ ಆ ಒಂದು ನೋಟಿನಲ್ಲಿ. ಬೆಳಗ್ಗೆಯಿಂದ ನಿಂತೇ ಇರುವ ಕಂಡಕ್ಟರಿಗೂ ತಲೆ ಕೆಟ್ಟಿದೆ. "ಚಿಲ್ಲರೆ ಇಲ್ದೆ ಬಸ್ ಯಾಕ್ ಹತ್ತೀಯೋ? ಇಳಿ ಕೆಳಗೆ! ಎಲ್ಲಿಂದ ಬರ್ತಾವೋ ಇವು..."

ಅಷ್ಟೇ. ಹಮಾಲಿಯ ಕೈ ಕಂಡಕ್ಟರನ ಕಾಲರ್ ಮೇಲೆ.

ಹಿಂದಿನ ಸೀಟಿನಿಂದ ಒಬ್ಬರು, "ಸರಿಯಾಗ್ ಮಾಡ್ದ ಬಿಡ್ರೀ" ಅನ್ನುತ್ತಾರೆ. ಮುಂದಿನ ಸೀಟಿನಿಂದ ಇಸ್ತ್ರಿ ಅಂಗಿಯವರೊಬ್ಬರು, "ಈ ಜನಾನೇ ಹಿಂಗೆ. ಬಾಯಿಗಿಂತ ಮುಂಚೆ ಕೈ ಬರುತ್ತೆ" ಎಂದು ಮುಖ ಸಿಂಡರಿಸುತ್ತಾರೆ. ಕಾಲರ್ ಹಿಡಿದದ್ದು ಎಲ್ಲರಿಗೂ ಕಂಡಿತು. ಅದಕ್ಕೂ ಮೊದಲು ಐವತ್ತು ಜನರ ಎದುರಿಗೆ ಒಬ್ಬ ಮನುಷ್ಯ 'ಇವರು' ಎಂಬುದರಿಂದ 'ಇವು' ಎಂಬುದಕ್ಕೆ ಇಳಿದದ್ದು ಎಷ್ಟು ಜನಕ್ಕೆ ಕೇಳಿಸಿತು? ಕನ್ನಡದಲ್ಲಿ ದನಕರುವಿಗೆ ಹೇಳುವ ಮಾತು ಅದು. ಅದೇ ಬಸ್ಸಿನಲ್ಲಿ ಅದೇ 500ರ ನೋಟನ್ನು ಇಸ್ತ್ರಿ ಅಂಗಿಯವರು ಕೊಟ್ಟಾಗ, "ಸಾರ್, ಚಿಲ್ಲರೆ ಇದ್ರೆ ಸ್ವಲ್ಪ ನೋಡಿ ಸಾರ್" ಎಂಬ ಮಾತು ಬಂದಿತ್ತಲ್ಲ!

ಒಂದು ವೇಳೆ ಕಂಡಕ್ಟರ್ ಬಾಯಿ ತಪ್ಪಿ ಆ ಇಸ್ತ್ರಿ ಅಂಗಿಯವರಿಗೇ ಹಾಗೆ ಅಂದಿದ್ದರೆ ಏನಾಗುತ್ತಿತ್ತು? ಅವರು ಕಾಲರ್ ಹಿಡಿಯುತ್ತಿರಲಿಲ್ಲ, ನಿಜ. ಬಸ್ಸಿನ ನಂಬರ್ ಬರೆದುಕೊಳ್ಳುತ್ತಿದ್ದರು. ಡಿಪೋ ಮ್ಯಾನೇಜರ್‌ಗೆ ಒಂದು ಫೋನು, ಮೇಲಿನವರಿಗೆ ಒಂದು ಅರ್ಜಿ. ಸಾಲದೆಂದರೆ ಗುರುತಿನ ಪುಢಾರಿಯಿಂದ ಒಂದು ಮಾತು. ಕಂಡಕ್ಟರ್ ಕೈಗೆ ನೋಟೀಸು, ಆಮೇಲೆ ಸಸ್ಪೆನ್ಷನ್. ಕಾಲರ್ ಹರಿದರೆ ಹೊಲಿಸಬಹುದು. ಸಂಬಳ ಅರ್ಧವಾದರೆ ಮನೆಯಲ್ಲಿ ಒಲೆ ಉರಿಯುವುದೇ ಕಷ್ಟ. ಈ ಎರಡರಲ್ಲಿ ಯಾವ ಏಟು ದೊಡ್ಡದು? ಆದರೂ ಊರು ಮೊದಲನೆಯವನನ್ನು 'ರೌಡಿ' ಅನ್ನುತ್ತದೆ, ಎರಡನೆಯವರನ್ನು 'ಮರ್ಯಾದಸ್ಥರು' ಅನ್ನುತ್ತದೆ.

ಬಡವನ ಕೋಪ ದವಡೆಗೆ ಮೂಲ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಬಡವನಿಗೆ ಕೋಪ ಜಾಸ್ತಿ ಎಂದು ಗಾದೆ ಹೇಳುವುದಿಲ್ಲ. ಕೋಪ ಎಲ್ಲರಿಗೂ ಒಂದೇ, ಬಡವನದಾದರೆ ಏಟು ಅವನ ದವಡೆಗೇ ತಿರುಗಿ ಬೀಳುತ್ತದೆ ಎನ್ನುತ್ತದೆ. ದೊಡ್ಡವರಿಗೆ ವಕೀಲ ಒಂದು ಕೈ, ಫೋನು ಒಂದು ಕೈ, ಕುರ್ಚಿ ಇನ್ನೊಂದು ಕೈ. ಇಷ್ಟೆಲ್ಲ ಇರುವಾಗ ಸ್ವಂತ ಕೈ ಎತ್ತುವ ದರ್ದು ಅವರಿಗೇನಿದೆ?

ಹಾಗಾದರೆ ದೊಡ್ಡವರು ಸ್ವಂತ ಕೈ ಎತ್ತಿದ್ದೇ ಇಲ್ಲವೇ? ಧಾರಾಳವಾಗಿ ಎತ್ತಿದ್ದಾರೆ. 1799ರಲ್ಲಿ ಟಿಪ್ಪು ಸುಲ್ತಾನ್ ಬಿದ್ದ ಮೇಲೆ ಶ್ರೀರಂಗಪಟ್ಟಣದ ಉಸ್ತುವಾರಿ ನೋಡಿಕೊಂಡ ಆರ್ಥರ್ ವೆಲ್ಲೆಸ್ಲಿ ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆಗಿ ಇಂಗ್ಲೆಂಡಿನ ಪ್ರಧಾನಿಯಾದ. ಕ್ಯಾಥೊಲಿಕರಿಗೆ ಹಕ್ಕು ಕೊಡುವ ಮಸೂದೆ ತಂದದ್ದಕ್ಕೆ ವಿಂಚಿಲ್ಸಿ ಎಂಬ ಶ್ರೀಮಂತ ಪತ್ರಿಕೆಯಲ್ಲಿ ಅವನನ್ನು ಹೀಯಾಳಿಸಿ ಬರೆದ. 1829ರ ಮಾರ್ಚ್ 21ರಂದು ದೇಶದ ಪ್ರಧಾನಿ ಪಿಸ್ತೂಲು ಹಿಡಿದು ಲಂಡನ್ನಿನ ಬ್ಯಾಟರ್ಸಿ ಬಯಲಿಗೆ ಹೋಗಿ ನಿಂತ! ವೆಲಿಂಗ್ಟನ್ನನ ಗುಂಡು ತಾಗಲಿಲ್ಲ. ಇನ್ನೊಬ್ಬ ಆಕಾಶಕ್ಕೆ ಹೊಡೆದು, ಕ್ಷಮಾಪಣೆ ಬರೆದುಕೊಟ್ಟ. ಕೇಸೂ ಇಲ್ಲ, ಜೈಲೂ ಇಲ್ಲ. ಆ ಕಾಲದ ಅಲಿಖಿತ ಕಟ್ಟಳೆಯೇ ಹಾಗಿತ್ತು. ಸರೀಕ ಅವಮಾನ ಮಾಡಿದರೆ ಪಿಸ್ತೂಲಿನ ದ್ವಂದ್ವ, ಆಳುಕಾಳು ಎದುರು ಮಾತಾಡಿದರೆ ಬೆತ್ತ. ಒಂದಕ್ಕೆ 'ಗೌರವ ರಕ್ಷಣೆ' ಎಂದು ಹೆಸರು, ಇನ್ನೊಂದಕ್ಕೆ 'ಶಿಸ್ತು' ಎಂದು ಹೆಸರು. ಅದೇ ಊರಿನ ಹೆಂಡದಂಗಡಿ ಮುಂದೆ ಇಬ್ಬರು ಕೂಲಿಗಳು ಕಿತ್ತಾಡಿಕೊಂಡರೆ ಮಾತ್ರ ಅದು 'ಗಲಾಟೆ'.

ಅಷ್ಟು ದೂರ ಹೋಗುವುದೂ ಬೇಡ. ಮೈಸೂರಿನಲ್ಲಿ 1973ರ ನವೆಂಬರ್‌ನಲ್ಲಿ ಏನಾಯಿತು? ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ದಲಿತ ನಾಯಕ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂಬರ್ಥದ ಮಾತಾಡಿದರು. ಸಾಹಿತ್ಯಕ್ಕೆ ಅವಮಾನವಾಯಿತೆಂದು ಬೀದಿಗಿಳಿದವರು ಯಾರು? ಹಮಾಲಿಗಳಲ್ಲ, ಜಟಕಾ ಹೊಡೆಯುವವರೂ ಅಲ್ಲ. ಕಾಲೇಜು ಕಲಿಯುತ್ತಿದ್ದ ವಿದ್ಯಾವಂತ ಹುಡುಗರು! ಏಟು ಬಿದ್ದದ್ದು ದಲಿತ ವಿದ್ಯಾರ್ಥಿಗಳಿಗೆ, ಮಂತ್ರಿಗಿರಿ ಹೋದದ್ದು ಬಸವಲಿಂಗಪ್ಪನವರಿಗೆ. ಓದಿದವರು ಕೈ ಎತ್ತುವುದಿಲ್ಲ ಎನ್ನುವವರು ಆ ದಿನಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಲಿ. ಮಂತ್ರಿಯಾದವರು ಆಡಿದ ಒಂದು ಮಾತಿಗೆ ಇಷ್ಟು ಕೆರಳಿದ ಊರುಗಳು, ಕೇರಿಯ ಜನ ಹೋಟೆಲ್ ಹೊರಗೆ ನಿಂತು ಬೇರೆ ಲೋಟದಲ್ಲಿ ಕಾಫಿ ಕುಡಿಯಬೇಕಾದ ಅವಮಾನಕ್ಕೆ ಎಷ್ಟು ಸಲ ಕೆರಳಿದ್ದವು?

ಇತ್ತೀಚಿನ ಮಾತೂ ಒಂದಿದೆ. ಮೊಬೈಲ್ ಇದ್ದವರೆಲ್ಲ ನೋಡಿರುತ್ತಾರೆ. 2022ರ ಮಾರ್ಚ್ 27ರಂದು ಅಮೆರಿಕದ ಆಸ್ಕರ್ ಸಮಾರಂಭದಲ್ಲಿ ಕ್ರಿಸ್ ರಾಕ್ ಎಂಬ ಹಾಸ್ಯಗಾರ ನಟ ವಿಲ್ ಸ್ಮಿತ್ ಅವರ ಪತ್ನಿಯ ಬೋಳಿಸಿದ ತಲೆಯ ಬಗ್ಗೆ ಕುಚೋದ್ಯ ಮಾಡಿದ. ಆಕೆಗೆ ಕೂದಲುದುರುವ ಕಾಯಿಲೆ. ವಿಲ್ ಸ್ಮಿತ್ ವೇದಿಕೆ ಹತ್ತಿ ಎಲ್ಲರೆದುರೇ ಕಪಾಳಕ್ಕೆ ಬಾರಿಸಿ, ವಾಪಸು ಬಂದು ತನ್ನ ಜಾಗದಲ್ಲೇ ಕೂತ. ಸ್ವಲ್ಪ ಹೊತ್ತಿನಲ್ಲೇ ಅದೇ ವೇದಿಕೆಯಲ್ಲಿ ಶ್ರೇಷ್ಠ ನಟ ಪ್ರಶಸ್ತಿ ತೆಗೆದುಕೊಂಡ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು! ಆಮೇಲೆ ಹತ್ತು ವರ್ಷ ಸಮಾರಂಭಕ್ಕೆ ಬರಕೂಡದೆಂದು ಅಕಾಡೆಮಿಯವರು ನಿಷೇಧ ಹಾಕಿದರು. ಏಟು ತಿಂದವನು ಪೋಲೀಸಿಗೆ ದೂರು ಕೊಡಲಿಲ್ಲ. ಅದೇ ಏಟನ್ನು ಆ ಸಭೆಯಲ್ಲಿ ನೀರು ಹಂಚುವ ಹುಡುಗ ಹೊಡೆದಿದ್ದರೆ ಅವನನ್ನು ಅಲ್ಲೇ ಕೂರಲು ಬಿಡುತ್ತಿದ್ದರೇ?

ಕಾನೂನಾದರೂ ಎಲ್ಲರಿಗೂ ಒಂದೇ ಅಲ್ಲವೇ ಎಂದು ಕೇಳಬಹುದು. ಪುಸ್ತಕದಲ್ಲಿ ಒಂದೇ. ಜಗಳ ಎಬ್ಬಿಸುವ ಹಾಗೆ ಬೇಕೆಂದೇ ಅವಮಾನ ಮಾಡುವುದು ಹಳೇ ದಂಡ ಸಂಹಿತೆಯ 504ನೇ ಕಲಮು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 352. ಎರಡು ವರ್ಷದವರೆಗೆ ಜೈಲಾಗಬಹುದು. ಬಾಯಿ ಬಿಡುವ ಮೊದಲು ಇದು ಎಷ್ಟು ಜನಕ್ಕೆ ಗೊತ್ತಿರುತ್ತದೆ? ಗೊತ್ತಿದ್ದರೂ ಪ್ರಯೋಜನ ಕಮ್ಮಿ. ಇದು ಎನ್.ಸಿ. ಕೇಸು. ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೋಲೀಸರು ತನಿಖೆ ಮಾಡುವಂತಿಲ್ಲ. ಹಮಾಲಿ ಠಾಣೆ ಮೆಟ್ಟಿಲು ಹತ್ತಿ "ನನಗೆ ಹಿಂಗಂದ್ರು ಸಾಮಿ" ಅಂದರೆ, "ಬೈದ್ರೆ ಏನಾಯ್ತೋ, ಹೋಗೋ" ಎಂಬ ಉತ್ತರ ಸಿಕ್ಕರೆ ಆಶ್ಚರ್ಯವಿಲ್ಲ. ಅದೇ ಅವನು ಕೈ ಎತ್ತಿದರೆ? ಸಾರಿಗೆ ನಿಗಮದ ಕಂಡಕ್ಟರ್ ಕಾನೂನಿನ ಕಣ್ಣಿನಲ್ಲಿ ಸರಕಾರಿ ನೌಕರ. ಕೆಲಸದ ಮೇಲಿರುವವನ ಮೇಲೆ ಕೈ ಮಾಡಿದರೆ ಜಾಮೀನಿಲ್ಲದ ಕಲಮು. ಎರಡು ವರ್ಷದವರೆಗೆ ಜೈಲು, ಗಾಯವಾದರೆ ಐದು ವರ್ಷದವರೆಗೆ. ಬೈಗುಳಕ್ಕೆ ಬಾಗಿಲು ಮುಚ್ಚಿದ ಠಾಣೆ, ಏಟಿಗೆ ಬಾಗಿಲು ತೆಗೆದು ಕಾದಿರುತ್ತದೆ.

ಕೆಣಕಿದಾಗ ಬರುವ ಸಿಟ್ಟನ್ನು ಕಾನೂನು ಗುರುತಿಸುವುದೇ ಇಲ್ಲವೆಂದಲ್ಲ. 1959ರಲ್ಲಿ ಮುಂಬಯಿಯಲ್ಲಿ ನೌಕಾಪಡೆಯ ಕಮಾಂಡರ್ ನಾನಾವತಿ ತನ್ನ ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1961ರಲ್ಲಿ ಒಂದು ಅಳತೆ ಹೇಳಿತು. ಆರೋಪಿ ಯಾವ ವರ್ಗದ ಸಮಾಜಕ್ಕೆ ಸೇರಿದವನೋ ಅದೇ ವರ್ಗದ ವಿವೇಕವಂತ ಅಂಥ ಸಂದರ್ಭದಲ್ಲಿ ಹತೋಟಿ ತಪ್ಪುತ್ತಿದ್ದನೇ ಎಂದು ನೋಡಬೇಕು ಎಂದಿತು. ಆ ಅಳತೆಯಲ್ಲಿ ನಾನಾವತಿ ಪಾರಾಗಲಿಲ್ಲ, ಜೀವಾವಧಿ ಶಿಕ್ಷೆ ಖಾಯಂ ಆಯಿತು. ಆದರೆ ಪತ್ರಿಕೆ ಅವನ ಪರ, ಬೀದಿಯ ಜನ ಅವನ ಪರ. 1964ರಲ್ಲಿ ರಾಜ್ಯಪಾಲರ ಕ್ಷಮಾದಾನವೂ ಸಿಕ್ಕಿತು. ಬಂದರಿನಲ್ಲಿ ಮೂಟೆ ಹೊರುವವನೊಬ್ಬ ಇದೇ ಕೆಲಸ ಮಾಡಿದ್ದರೆ ಅವನ ಹೆಸರಾದರೂ ಯಾರಿಗೆ ಗೊತ್ತಿರುತ್ತಿತ್ತು?

ಒಂದು ಕಡೆ ಮಾತ್ರ ಕಾನೂನು ಕಣ್ಣು ಬಿಟ್ಟಿದೆ. ಪರಿಶಿಷ್ಟ ಜಾತಿ, ಪಂಗಡದವರನ್ನು ನಾಲ್ಕು ಜನಕ್ಕೆ ಕಾಣುವಂಥ ಜಾಗದಲ್ಲಿ ಹೀನಾಯ ಮಾಡಬೇಕೆಂದೇ ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯಿದೆಯಲ್ಲಿ ಅಪರಾಧ. ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ. ಮೈಮೇಲೆ ಗಾಯವೇ ಇಲ್ಲದಿದ್ದರೂ ಮನುಷ್ಯನಿಗೆ ಏಟು ಬಿದ್ದಿರಬಹುದು ಎಂದು ಆ ಕಾಯಿದೆ ಒಪ್ಪಿಕೊಂಡಿತು. "ಮಾತಿಗೇನ್ರೀ ಕೇಸು?" ಎಂದು ಗೊಣಗುವವರು ಸಾಮಾನ್ಯವಾಗಿ ಅಂಥ ಮಾತು ಕೇಳಿಸಿಕೊಂಡವರಲ್ಲ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಹಮಾಲಿ ಕೈ ಎತ್ತಿದ್ದು ಸರಿ ಎಂದಾಗುವುದಿಲ್ಲ. ಕಂಡಕ್ಟರೂ ಸಂಬಳಕ್ಕೆ ದುಡಿಯುವವನೇ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಪ್ರಯಾಣ ಶುರುವಾದ ಮೇಲೆ ಬಸ್ಸುಗಳಲ್ಲಿ ನೂಕುನುಗ್ಗಲು ಎಷ್ಟು ಹೆಚ್ಚಿತೆಂದು ದಿನಾ ಓಡಾಡುವವರಿಗೆ ಗೊತ್ತು. ಬಡವ ಬಡವನ ಕಾಲರ್ ಹಿಡಿಯುತ್ತಾನೆ, ನೋಡುವವರು ಮೊಬೈಲ್ ಹಿಡಿಯುತ್ತಾರೆ. ರಾತ್ರಿಯೊಳಗೆ ಇಬ್ಬರ ಮಾನವೂ ಊರೂರು ಸುತ್ತುತ್ತದೆ. "ಇನ್ನೆರಡು ಬಿಡಬೇಕಿತ್ತು" ಎಂದು ಹುರಿದುಂಬಿಸಿದ ಹಿಂದಿನ ಸೀಟಿನ ಮಹಾನುಭಾವ ಠಾಣೆಗೂ ಬರುವುದಿಲ್ಲ, ಜಾಮೀನಿಗೂ ನಿಲ್ಲುವುದಿಲ್ಲ.

ಅಂಗಡಿ ಬೀದಿಯೇನು ಕಮ್ಮಿಯೇ? ಉದ್ರಿ ಪುಸ್ತಕವನ್ನೇ ತೆಗೆದು ನೋಡಿ. ಕೂಲಿ ಹೆಂಗಸು 240 ರೂಪಾಯಿ ಬಾಕಿ ಇಟ್ಟರೆ, ಗಿರಾಕಿಗಳ ಎದುರಿಗೇ, "ಹಳೇ ಬಾಕಿ ಕಟ್ಟು, ಆಮೇಲೆ ಸಕ್ಕರೆ ಕೇಳು" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಾರೆ. ದೊಡ್ಡ ಮನೆಯವರ ಬಾಕಿ 24 ಸಾವಿರ ದಾಟಿದರೂ ಚೀಟಿ ಮಡಚಿ ಹುಡುಗನ ಕೈಲಿ ಮನೆಗೆ ಕಳಿಸುತ್ತಾರೆ. ಸಾಲ ಕೇಳುವುದು ವ್ಯಾಪಾರಿಯ ಹಕ್ಕು, ಯಾರೂ ಬೇಡ ಅನ್ನುವುದಿಲ್ಲ. ಆ ಚೀಟಿಯ ಮರ್ಯಾದೆ 240 ರೂಪಾಯಿಯವಳಿಗೆ ಯಾಕಿಲ್ಲ? ಮಾರನೇ ದಿನ ಅವಳ ಮಗ ಬಂದು ಡಬ್ಬ ಒದ್ದರೆ, "ಪಡ್ಡೆ ಹುಡುಗರ ಹಾವಳಿ" ಎಂದು ಅಂಗಡಿಯವರೆಲ್ಲ ಸೇರಿ ಮನವಿ ಕೊಡುತ್ತಾರೆ. ಹಾವಳಿ ಶುರುವಾದದ್ದು ಹಿಂದಿನ ದಿನ, ಗಲ್ಲಾಪೆಟ್ಟಿಗೆಯ ಹಿಂದಿನಿಂದ.

ಪರಿಹಾರ ದೊಡ್ಡದೇನಲ್ಲ. ನಾಲ್ಕು ಜನರ ಎದುರು ಆಡಿದ ಮಾತಿಗೆ ಆ ನಾಲ್ಕು ಜನರ ಎದುರಿಗೇ "ತಪ್ಪಾಯ್ತು ಕಣಪ್ಪಾ" ಅನ್ನುವುದನ್ನು ಕಲಿತರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ವಿಂಚಿಲ್ಸಿ ಪತ್ರಿಕೆಯಲ್ಲಿ ಬೈದು, ಪಿಸ್ತೂಲಿನ ಮುಂದೆ ನಿಂತ ಮೇಲೆ ಕ್ಷಮೆ ಕೇಳಿದ. ಅದನ್ನೇ ಒಂದು ದಿನ ಮೊದಲು ಕೇಳಿದ್ದರೆ ಆಗುತ್ತಿರಲಿಲ್ಲವೇ? ಬೈಸಿಕೊಂಡವನು ನೆಲ ನೋಡುತ್ತ ಇಳಿದು ಹೋಗುವಾಗ, ಬಸ್ಸಿನಲ್ಲಿದ್ದ ಐವತ್ತು ಜನರಲ್ಲಿ ಒಬ್ಬರು, "ಯಾಕ್ರೀ ಹಂಗಂತೀರಾ, ಚಿಲ್ಲರೆ ನಾನ್ ಕೊಡ್ತೀನಿ" ಅಂದಿದ್ದರೆ ಕೈ ಏಳುತ್ತಿರಲಿಲ್ಲ.

ಸಾರಿಗೆ ಡಿಪೋದವರು ತಮ್ಮ ಸಿಬ್ಬಂದಿಗೆ ಸಂತೆ ದಿನವಾದರೂ ಸಾಕಷ್ಟು ಚಿಲ್ಲರೆ ಕೊಟ್ಟು ಕಳಿಸಲಿ. 'ಏಕವಚನ ಬೇಡ' ಎಂದು ಒಂದು ಮಾತು ಹೇಳಲಿ. ಪ್ರಯಾಣಿಕರೂ ಕಂಡಕ್ಟರಿಗೆ ಅದೇ ಮರ್ಯಾದೆ ವಾಪಸು ಕೊಡಲಿ. ಇನ್ನು ಪೋಲೀಸರು. ಎನ್.ಸಿ. ಕೇಸಾದರೂ ಬಂದವನ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡು ಮ್ಯಾಜಿಸ್ಟ್ರೇಟರ ದಾರಿ ತೋರಿಸಬೇಕೆಂದು ಕಾನೂನೇ ಹೇಳುತ್ತದೆ. ಅದು ಠಾಣೆಯ ಔದಾರ್ಯವಲ್ಲ, ಕರ್ತವ್ಯ. ಟವೆಲ್ ಸುತ್ತಿದವನನ್ನು ಒಂದು ಬೆಂಚಿನ ಮೇಲೆ ಕೂರಿಸಿ, "ಏನಾಯ್ತಪ್ಪಾ, ಹೇಳು" ಎಂದು ಕೇಳುವ ಠಾಣೆ ಇರುವ ಊರಿನಲ್ಲಿ ದವಡೆಗಳು ಒಡೆಯುವುದು ಕಮ್ಮಿಯಾಗುತ್ತದೆ.

ಮುಂದಿನ ಸಂತೆಗೆ ಇನ್ನು ಆರೇ ದಿನ. ಡಿಪೋದವರೂ ಠಾಣೆಯವರೂ ಅಷ್ಟರೊಳಗೆ ಗಮನಿಸುವರೇ?