ಔಷಧಿ ತಪ್ಪಾಯಿತು, ಮತ್ತೆ ಅದೇ ಪಶುವೈದ್ಯರ ಹತ್ತಿರ ಹೋಗಬೇಕೆ?



ಈ ಸರಣಿಯಲ್ಲಿ ಇಷ್ಟು ದಿನ ಬಿಪಿ, ಶುಗರ್, ಮೊಣಕಾಲು ನೋವು ಅಂತ ಮನುಷ್ಯರ ವಿಷಯವನ್ನೇ ಓದಿದ್ದೀರಿ. ಇವತ್ತು ಮನೆಯ ನಾಯಿ, ಬೆಕ್ಕಿನ ವಿಷಯ. "ಇದೂ ಆರೋಗ್ಯದ ಲೇಖನವಾ?" ಎಂದು ಕೇಳುವವರು ಗ್ರೂಪಿನಲ್ಲಿ ಇದ್ದೀರಿ, ಗೊತ್ತು. ಆದರೆ ಮುಂಬೈ, ಪುಣೆ, ಚೆನ್ನೈ, ಹೈದರಾಬಾದಿನ ಫ್ಲ್ಯಾಟುಗಳಲ್ಲಿ ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಊರಿನಿಂದ ಬಂದ ಎಷ್ಟೋ ಹಿರಿಯರಿಗೆ ದಿನವಿಡೀ ಜೊತೆಗಿರುವುದು ಆ ಒಂದು ಪ್ರಾಣಿಯೇ. ಅವರು ಕನ್ನಡದಲ್ಲಿ ಮಾತಾಡಿದರೆ ಕಿವಿ ನಿಮಿರಿಸಿ ಕೇಳುವುದೂ ಅದೊಂದೇ. ಅದಕ್ಕೆ ಕೊಟ್ಟ ಔಷಧಿ ತಪ್ಪಾದರೆ ಮನೆ ಹೇಗಾಗುತ್ತದೆ ಎಂದು ನಾನು ನೋಡಿದ್ದೇನೆ. ಬೇರೆಯವರ ಮನೆಯಲ್ಲಲ್ಲ, ನಮ್ಮದೇ ಮನೆಯಲ್ಲಿ.

ನಾವು ಡೊಂಬಿವಲಿಯಲ್ಲಿರುವವರು. ನಮ್ಮ ಗುಂಡ ಬೀದಿಯಿಂದ ಬಂದ ನಾಯಿ. ವಯಸ್ಸು ಒಂಬತ್ತು, ತೂಕ 14 ಕೆ.ಜಿ. ಮಳೆಗಾಲದಲ್ಲಿ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಜಾರಿ ಹಿಂಗಾಲು ಎಳೆಯತೊಡಗಿದ. ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಕಾಲು ಒತ್ತಿ ನೋಡಿ, ಮೂಳೆಗೆ ಏನೂ ಆಗಿಲ್ಲ, ಉಳುಕಿದೆ ಅಷ್ಟೇ ಎಂದು ಹೇಳಿ ಮೆಲೋಕ್ಸಿಕ್ಯಾಮ್ ಎಂಬ ನೋವಿನ ಸಿರಪ್ ಬರೆದರು. ಚೀಟಿಯಲ್ಲಿ ಇದ್ದದ್ದು ಇಷ್ಟು: 2.8 ಎಂ.ಎಲ್., ದಿನಕ್ಕೆ ಒಂದು ಸಲ, ಊಟದ ನಂತರ, 5 ದಿನ.

ಔಷಧಿ ಹಾಕುವ ಕೆಲಸ ನಮ್ಮ ಅತ್ತೆಯವರದು. ಕುಂದಾಪುರದ ಕಡೆಯವರು, ಎಪ್ಪತ್ತು ದಾಟಿದೆ, ಕೆಲಸದಲ್ಲಿ ಗಡಿಯಾರ. ರಾತ್ರಿ ಎಂಟಕ್ಕೆ ಅನ್ನ ಹಾಕಿ, ಸಿರಿಂಜಿನಲ್ಲಿ ಸರಿಯಾಗಿ 2.8ರ ಗೆರೆಗೆ ಎಳೆದು, ಬೆಳಕಿಗೆ ಹಿಡಿದು ನೋಡಿ, ಗುಂಡನ ಬಾಯಿಯ ಪಕ್ಕದಿಂದ ಹಾಕುತ್ತಿದ್ದರು. ಮೂರನೇ ದಿನ ಅವನು ಅನ್ನ ಬಿಟ್ಟ. ನಾಲ್ಕನೇ ದಿನ ವಾಂತಿ. "ಔಷಧಿ ಉಷ್ಣ ಆಗಿರಬೇಕು" ಎಂದು ಮಜ್ಜಿಗೆ ಅನ್ನ ಕೊಟ್ಟು, ರಾತ್ರಿ ಮತ್ತೆ ಔಷಧಿ ಹಾಕಿದೆವು. ಐದನೇ ದಿನ ಬೆಳಿಗ್ಗೆ ಅವನ ಮಲ ಡಾಂಬರಿನ ಹಾಗೆ ಕಪ್ಪಾಗಿತ್ತು. ಹಾಗೆ ಕಂಡರೆ ಹೊಟ್ಟೆಯಲ್ಲೋ ಕರುಳಲ್ಲೋ ರಕ್ತ ಸೋರುತ್ತಿದೆ ಎಂದು ಅರ್ಥ, ತಡ ಮಾಡಬಾರದು. ನಮಗೆ ಆಗ ಅದು ಗೊತ್ತಿರಲಿಲ್ಲ. ಹೆದರಿ ಓಡಿದೆವು, ಅಷ್ಟೇ.

ಡಾಕ್ಟರು ಗುಂಡನ ಒಸಡು ನೋಡಿದರು, ಚೀಟಿ ಕೇಳಿದರು, ಬಾಟಲಿ ಕೇಳಿದರು. ಎರಡನ್ನೂ ಮೇಜಿನ ಮೇಲಿಟ್ಟು ಒಂದು ನಿಮಿಷ ಸುಮ್ಮನೆ ನಿಂತರು. ಆಮೇಲೆ ಹಿಂದಿಯಲ್ಲಿ ಹೇಳಿದರು: "ಇದು ನನ್ನ ತಪ್ಪು. ಮಿಲಿಗ್ರಾಂ ಲೆಕ್ಕ ಹಾಕಿ ಎಂ.ಎಲ್. ಅಂತ ಬರೆದಿದ್ದೇನೆ."

ಲೆಕ್ಕ ಹೀಗಿದೆ. (ಇದು ಅರ್ಥವಾಗಲಿ ಎಂದು ಮಾತ್ರ. ನಿಮ್ಮ ನಾಯಿಗೆ ಇದನ್ನು ನೋಡಿ ಔಷಧಿ ಹಾಕಬೇಡಿ.) ನಾಯಿಗೆ ಈ ಔಷಧಿ ಮೊದಲ ದಿನ ಕೆ.ಜಿ.ಗೆ 0.2 ಮಿಲಿಗ್ರಾಂ, ಮರುದಿನದಿಂದ ಅದರ ಅರ್ಧ. 14 ಕೆ.ಜಿ.ಗೆ ಮೊದಲ ದಿನ 2.8 ಮಿಲಿಗ್ರಾಂ, ಆಮೇಲೆ 1.4. ಆದರೆ ಸಿರಪ್ಪಿನ ಒಂದು ಎಂ.ಎಲ್.ನಲ್ಲಿ ಇರುವುದು 1.5 ಮಿಲಿಗ್ರಾಂ. 2.8 ಎಂ.ಎಲ್. ಎಂದರೆ 4.2 ಮಿಲಿಗ್ರಾಂ ಆಯಿತು. ಮರುದಿನದಿಂದ ಅರ್ಧ ಎಂಬುದು ಚೀಟಿಯಲ್ಲಿ ಇರಲೇ ಇಲ್ಲ. ಹಾಗಾಗಿ ಎರಡನೇ ದಿನದಿಂದ ಅವನ ಹೊಟ್ಟೆಗೆ ಹೋದದ್ದು ಬೇಕಾದದ್ದರ ಮೂರು ಪಟ್ಟು. ಈ ಜಾತಿಯ ನೋವಿನ ಔಷಧಿಗಳು ಹೊಟ್ಟೆಯ ಒಳಪದರವನ್ನು ಕಾಯುವ, ಕಿಡ್ನಿಗೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುವ ರಾಸಾಯನಿಕಗಳನ್ನೂ ತಡೆಯುತ್ತವೆ. ಪ್ರಮಾಣ ಹೆಚ್ಚಾದರೆ ಮೊದಲು ಹೊಟ್ಟೆ, ಆಮೇಲೆ ಕಿಡ್ನಿ.

ಇನ್ನೊಂದು ವಿಷಯ ಮುಚ್ಚಿಡಬಾರದು. "ಕಲ್ ಸೆ ಆಧಾ" ಎಂದು ಡಾಕ್ಟರು ಬಾಯಲ್ಲಿ ಹೇಳಿದ್ದರಂತೆ. ನಮ್ಮವರು ಆಗ ಕೌಂಟರಿನಲ್ಲಿ ಫೋನ್ ಹಿಡಿದು ದುಡ್ಡು ಕಟ್ಟುತ್ತಿದ್ದರು. ನಾನು ಗುಂಡನನ್ನು ಹಿಡಿದುಕೊಂಡಿದ್ದೆ. ಔಷಧಿ ಹಾಕಬೇಕಾದ ಅತ್ತೆ ಮನೆಯಲ್ಲಿದ್ದರು. ಆ ಮಾತು ಕ್ಲಿನಿಕ್ಕಿನಲ್ಲೇ ಉಳಿದುಹೋಯಿತು.

ಔಷಧಿ ನಿಲ್ಲಿಸಿ ಎರಡು ದಿನ ಡ್ರಿಪ್ ಹಾಕಿದರು, ಹೊಟ್ಟೆಗೆ ಔಷಧಿ ಕೊಟ್ಟರು, ರಕ್ತ ಪರೀಕ್ಷೆ ಮಾಡಿಸಿದರು. ಕ್ರಿಯಾಟಿನಿನ್ ಸ್ವಲ್ಪ ಏರಿತ್ತು. ಮುಂದಿನ ಪರೀಕ್ಷೆಯಲ್ಲಿ ಇಳಿಯಿತು. ಗುಂಡ ಉಳಿದ. ಆದರೆ ಅತ್ತೆ ಆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ನನ್ ಕೈಯಾರೆ ಹಾಕ್ದೆ ಅಲ್ದಾ" ಎಂದು ಒಂದೇ ಮಾತು. ಇಡೀ ಪ್ರಕರಣದಲ್ಲಿ ಒಂದು ಕೂದಲಷ್ಟೂ ತಪ್ಪು ಮಾಡದಿದ್ದವರು ಅವರೊಬ್ಬರೇ. ಚೀಟಿಯಲ್ಲಿದ್ದದ್ದನ್ನು ಚಾಚೂ ತಪ್ಪದೆ ಮಾಡಿದರು. ನಿಮ್ಮ ಮನೆಯಲ್ಲಿ ಹೀಗಾಗಿದ್ದರೆ ಔಷಧಿ ಹಾಕಿದ ಕೈಗೆ ಮೊದಲು ಸಮಾಧಾನ ಹೇಳಿ. ಡಾಕ್ಟರ ಮೇಲಿನ ಸಿಟ್ಟಿನಲ್ಲಿ ನಾವು ಅದನ್ನು ಮರೆತಿದ್ದೆವು.

ಇನ್ನು ಮುಂದಿನ ಪ್ರಶ್ನೆ. ಕುಟುಂಬದ ಗ್ರೂಪಿನಲ್ಲಿ ಹಾಕಿದ ಕೂಡಲೇ ಚೆನ್ನೈಯಿಂದ ಭಾವ, ಪುಣೆಯಿಂದ ನಾದಿನಿ, ಊರಿನಿಂದ ಚಿಕ್ಕಪ್ಪ, ಎಲ್ಲರದೂ ಒಂದೇ ಉತ್ತರ: ಡಾಕ್ಟರನ್ನು ಬದಲಿಸಿ. ನಮ್ಮವರದೂ ಅದೇ ಅಭಿಪ್ರಾಯ. ನಾನು ಒಪ್ಪಲಿಲ್ಲ. ಏಕೆ ಒಪ್ಪಲಿಲ್ಲ ಎಂದು ಹೇಳಲಿಕ್ಕೇ ಇಷ್ಟು ಬರೆದೆ.

ತಪ್ಪು ಮಾಡದ ಡಾಕ್ಟರು ಸಿಗುತ್ತಾರೆ ಎಂದು ಹುಡುಕಿಕೊಂಡು ಹೊರಟರೆ, ನಮಗೆ ಸಿಗುವುದು ತಮ್ಮ ತಪ್ಪು ಇನ್ನೂ ನಮಗೆ ಗೊತ್ತಾಗದ ಡಾಕ್ಟರು. ಆದ್ದರಿಂದ ತಪ್ಪಾಯಿತೇ ಎಂಬುದಕ್ಕಿಂತ, ತಪ್ಪು ಮೇಜಿನ ಮೇಲೆ ಬಂದ ಆ ಹೊತ್ತಿನಲ್ಲಿ ಅವರು ಏನು ಮಾಡಿದರು ಎಂದು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ನಮಗೆ ಮಿಲಿಗ್ರಾಂ, ಎಂ.ಎಲ್. ವ್ಯತ್ಯಾಸ ಗೊತ್ತಿರಲಿಲ್ಲ. "ವಯಸ್ಸಾದ ನಾಯಿ, ಕೆಲವಕ್ಕೆ ಈ ಔಷಧಿ ಆಗಿಬರುವುದಿಲ್ಲ" ಎಂದಿದ್ದರೆ ತಲೆಯಾಡಿಸಿ ಬರುತ್ತಿದ್ದೆವು. ಅವರು ಹಾಗೆ ಹೇಳಲಿಲ್ಲ. ಡ್ರಿಪ್ಪಿನ ದುಡ್ಡು ತೆಗೆದುಕೊಳ್ಳಲಿಲ್ಲ. ಕೇಸು ಹಾಕಬಾರದು ಅಂತ ಬಾಯಿ ಮುಚ್ಚಿಸುವ ಉಪಾಯ ಅದು ಎಂದು ನಮ್ಮವರು ಇವತ್ತಿಗೂ ಹೇಳುತ್ತಾರೆ. ಬಾಯಿ ಮುಚ್ಚಿಸಬೇಕೆಂದಿರುವವರು ತಾವೇ ಮೊದಲು ಬಾಯಿ ಬಿಡುತ್ತಾರೆಯೇ ಎಂದು ನಾನು ಕೇಳುತ್ತೇನೆ. ಈ ವಾದ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಎಲ್ಲ ಕಡೆಯೂ ಹೀಗೇ ಎಂದು ಮಾತ್ರ ತಿಳಿಯಬೇಡಿ. ಪುಣೆಯ ನನ್ನ ಗೆಳತಿಯ ಬೆಕ್ಕಿಗೆ ಚಿಗಟ ಆಗಿತ್ತು. ಕ್ಲಿನಿಕ್ಕಿನ ಸಹಾಯಕ ನಾಯಿಯ ಬೆನ್ನಿಗೆ ಹಾಕುವ ಔಷಧಿಯನ್ನೇ ಕೊಟ್ಟು ಕಳಿಸಿದ. ಅದರಲ್ಲಿ ಪರ್ಮೆಥ್ರಿನ್ ಇತ್ತು. ನಾಯಿಗೆ ಅದು ಆಗುತ್ತದೆ, ಬೆಕ್ಕಿಗೆ ವಿಷ. ಸಂಜೆಯ ಹೊತ್ತಿಗೆ ಬೆಕ್ಕಿನ ಮೈಯೆಲ್ಲ ನಡುಕ. ಬೇರೆ ಆಸ್ಪತ್ರೆಗೆ ಹಾಕಿ ಹೇಗೋ ಉಳಿಸಿಕೊಂಡರು. ಮೊದಲಿನ ಕ್ಲಿನಿಕ್ಕಿಗೆ ಹೋಗಿ ಕೇಳಿದರೆ "ನಿಮ್ಮ ಬೆಕ್ಕು ಮೊದಲೇ ವೀಕ್ ಇತ್ತು" ಎಂಬ ಉತ್ತರ. ಕೊಟ್ಟ ಔಷಧಿಯ ಹೆಸರು ಬರೆದುಕೊಡಿ ಎಂದರೆ ಬರೆದುಕೊಡಲಿಲ್ಲ. ಅವಳು ಮತ್ತೆ ಅಲ್ಲಿಗೆ ಹೋಗಲಿಲ್ಲ. ಅವಳು ಮಾಡಿದ್ದೂ ಸರಿ. ಏನು ಕೊಟ್ಟೆ ಎಂದು ಬರೆದುಕೊಡಲು ಹಿಂಜರಿಯುವವರ ಹತ್ತಿರ ಪ್ರಾಣಿಯನ್ನು ಎರಡನೇ ಸಲ ಒಯ್ಯಬೇಡಿ.

ತಪ್ಪು ಒಪ್ಪಿಕೊಂಡರೂ ಅಲ್ಲಿಗೆ ಸಾಲದು. ಸಾರಿ ಹೇಳುವುದು ಸುಲಭ. ಮುಂದಿನ ಸಲ ಹೋದಾಗ ಏನಾದರೂ ಬದಲಾಗಿದೆಯೇ ಎಂದು ನೋಡಿ. ಅದೇ ಗಡಿಬಿಡಿ, ಅದೇ ಗೀಚು ಬರಹ, ತೂಕ ಹಾಕದೆ "ಎಷ್ಟಿರಬಹುದು, ಹದಿನೈದಾ?" ಎಂಬ ಅಂದಾಜು ಇದ್ದರೆ, ಅವರು ಎಷ್ಟೇ ಒಳ್ಳೆಯವರಾದರೂ ಹೊರಡುವುದೇ ಒಳ್ಳೆಯದು.

ನನಗೆ ಹೆಚ್ಚು ಹೆದರಿಕೆ ಇರುವುದು ಬೇರೆ ಕಡೆ. ಒಬ್ಬ ಡಾಕ್ಟರ ಮೇಲೆ ನಂಬಿಕೆ ಹೋದವರು ಇನ್ನೊಬ್ಬರ ಹತ್ತಿರ ಹೋದರೆ ಚಿಂತೆಯಿಲ್ಲ. ಆದರೆ ಬಹಳ ಜನ ಯಾರ ಹತ್ತಿರವೂ ಹೋಗುವುದಿಲ್ಲ. ಮನೆಯ ಔಷಧಿ ಡಬ್ಬಿ ತೆರೆಯುತ್ತಾರೆ. ಬೆಕ್ಕಿಗೆ ಜ್ವರ ಅಂತ ಅರ್ಧ ಕ್ರೋಸಿನ್! ಪ್ಯಾರಾಸಿಟಮಾಲನ್ನು ಅರಗಿಸುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. ಅದರ ರಕ್ತ ಆಮ್ಲಜನಕ ಒಯ್ಯಲಾರದೆ ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ, ಆ ಅರ್ಧ ಮಾತ್ರೆಯೇ ಪ್ರಾಣ ತೆಗೆಯಬಹುದು. ನಾಯಿಗೆ ಐಬುಪ್ರೊಫೇನ್ ಕೊಟ್ಟರೆ ನಮ್ಮ ಗುಂಡನಿಗೆ ಆದದ್ದೇ, ಇನ್ನೂ ಜೋರಾಗಿ. ಡಾಕ್ಟರ ಮೇಲೆ ಸಿಟ್ಟಿರಲಿ, ಆ ಸಿಟ್ಟಿಗೆ ಮನೆವೈದ್ಯ ಉತ್ತರವಲ್ಲ.

ಎರಡನೇ ಅಭಿಪ್ರಾಯ ಬೇಕೆಂದರೆ ಪಶುವೈದ್ಯ ಕಾಲೇಜುಗಳ ಆಸ್ಪತ್ರೆಗಳಿವೆ. ಚೆನ್ನೈಯವರಿಗೆ ವೇಪೇರಿ, ಹೈದರಾಬಾದಿನವರಿಗೆ ರಾಜೇಂದ್ರನಗರ. ಮುಂಬೈಯವರಿಗೆ ಪರೇಲಿನಲ್ಲಿ ಪ್ರಾಣಿಗಳ ದೊಡ್ಡ ಆಸ್ಪತ್ರೆಯೇ ಇದೆ. ಹೋಗುವಾಗ ಚೀಟಿ, ಬಾಟಲಿ, ಉಳಿದ ಮಾತ್ರೆ ಎಲ್ಲ ಒಯ್ಯಿರಿ. ದೂರು ಕೊಡಲೇಬೇಕು ಎನಿಸಿದರೆ ಅದಕ್ಕೂ ದಾರಿ ಇದೆ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ಪಶುವೈದ್ಯರು ನೋಂದಣಿ ಮಾಡಿಸಿಕೊಂಡಿರಬೇಕು. ಆ ನಂಬರ್ ಕೇಳುವುದರಲ್ಲಿ ಸಂಕೋಚ ಬೇಡ. ದೂರನ್ನು ರಾಜ್ಯದ ಪಶುವೈದ್ಯ ಪರಿಷತ್ತಿಗೆ ಕೊಡಬಹುದು. ಚೀಟಿ ಹರಿದು ಎಸೆದಿದ್ದರೆ ಮಾತ್ರ ಯಾರೂ ಏನೂ ಮಾಡಲಾರರು.

ಪರವೂರಿನಲ್ಲಿರುವ ನಮಗೆ ಇದರಲ್ಲಿ ಇನ್ನೊಂದು ಪೇಚು ಇದೆ, ಭಾಷೆಯದು. ಊರಿನಲ್ಲಿ ದನದ ಡಾಕ್ಟರು ಹಟ್ಟಿಗೇ ಬಂದು, ಅತ್ತೆಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿ ಹೋಗುತ್ತಿದ್ದರು. ಇಲ್ಲಿ ಡಾಕ್ಟರು ಮರಾಠಿಯಲ್ಲಿ ಯೋಚಿಸಿ, ಹಿಂದಿಯಲ್ಲಿ ಹೇಳಿ, ಇಂಗ್ಲಿಷಿನಲ್ಲಿ ಬರೆಯುತ್ತಾರೆ. ನಾವು ಅದನ್ನು ಮನೆಗೆ ತಂದು ಕನ್ನಡದಲ್ಲಿ ಹೇಳುತ್ತೇವೆ. "ಡೇಢ್" ಎಂದರೆ ಒಂದೂವರೆ, "ಢಾಯಿ" ಎಂದರೆ ಎರಡೂವರೆ. ಇಪ್ಪತ್ತು ವರ್ಷ ಇಲ್ಲಿದ್ದೂ ನಾನು ಒಮ್ಮೊಮ್ಮೆ ಮನಸ್ಸಿನಲ್ಲೇ ಎಣಿಸಿ ನೋಡುತ್ತೇನೆ. ಆದ್ದರಿಂದ ಈಗ ನಾನು ಕ್ಲಿನಿಕ್ಕಿನಲ್ಲೇ ಮೂರು ಕೆಲಸ ಮಾಡಿಸಿಕೊಳ್ಳುತ್ತೇನೆ. ತೂಕ ನನ್ನ ಎದುರಿಗೇ ಹಾಕಬೇಕು. ಚೀಟಿಯಲ್ಲಿ ಮಿಲಿಗ್ರಾಂ, ಎಂ.ಎಲ್. ಎರಡೂ ಅಂಕಿಯಲ್ಲಿ ಇರಬೇಕು, ದಿನ ದಿನಕ್ಕೆ ಬೇರೆಯಿದ್ದರೆ ಬೇರೆ ಬೇರೆ ಸಾಲಿನಲ್ಲಿ. ಸಿರಿಂಜಿನ ಮೇಲೆ ಎಲ್ಲಿಯವರೆಗೆ ಎಂದು ಅವರೇ ಪೆನ್ನಿನಿಂದ ಗೆರೆ ಎಳೆದು ಕೊಡಬೇಕು. ಆಮೇಲೆ ಅಲ್ಲಿಂದಲೇ ಅತ್ತೆಗೆ ಫೋನ್ ಮಾಡಿ ಕನ್ನಡದಲ್ಲಿ ಹೇಳುತ್ತೇನೆ, ಅವರು ತಿರುಗಿ ನನಗೆ ಹೇಳಬೇಕು. ಹಿಂದೆ ಕ್ಯೂನಲ್ಲಿ ನಿಂತವರು ಗೊಣಗುತ್ತಾರೆ. ಗೊಣಗಲಿ.

ಗುಂಡನಿಗೆ ರೇಬಿಸ್ ಇಂಜೆಕ್ಷನ್ ಹಾಕಿಸಲು ಮತ್ತೆ ಅದೇ ಡಾಕ್ಟರ ಹತ್ತಿರ ಹೋದೆವು. ಈ ಸಲ ಅತ್ತೆಯೂ ಬಂದರು. ಡಾಕ್ಟರು ಕೈಗೆ ಏನನ್ನೂ ತೆಗೆದುಕೊಳ್ಳುವ ಮೊದಲು ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಚೀಟಿಯಲ್ಲಿ ಈಗ ಎರಡು ಕಾಲಂ ಅಚ್ಚಾಗಿದೆ, ಒಂದು ಮಿಲಿಗ್ರಾಂಗೆ, ಇನ್ನೊಂದು ಎಂ.ಎಲ್.ಗೆ. ಜಂತುಹುಳದ ಮಾತ್ರೆ ಬರೆದು, ಅತ್ತೆಯ ಕಡೆ ತಿರುಗಿ ಬೆರಳಿನಲ್ಲಿ "ಒಂದು, ಒಂದೇ" ಎಂದು ತೋರಿಸಿದರು. ಅತ್ತೆ ತಲೆಯಾಡಿಸಿದರು.

ನಮ್ಮವರು ಮಾತ್ರ ಇನ್ನೂ ಒಳಗೆ ಬರುವುದಿಲ್ಲ. ಹೊರಗೆ ಗೇಟಿನ ಹತ್ತಿರ ನಿಂತಿರುತ್ತಾರೆ. ನಾವು ಬಂದ ಕೂಡಲೇ ಚೀಟಿ ಕೇಳಿ ತೆಗೆದುಕೊಂಡು, ಫೋನಿನಲ್ಲಿ ತೂಕಕ್ಕೆ ಗುಣಿಸಿ ಲೆಕ್ಕ ಹಾಕಿ, ಸರಿ ಇದೆ ಎಂದ ಮೇಲೆಯೇ ರಿಕ್ಷಾ ಕರೆಯುವುದು.