ಆಕಾಶದಲ್ಲಿ ದಾರಿ ಬಿಡಬೇಕಾದವರು ಯಾರು?

ಅಮೆರಿಕದ ಕನ್ನಡ ಕೂಟಗಳ ವನಭೋಜನಗಳಲ್ಲಿ ಹೋಳಿಗೆ, ಕೋಸಂಬರಿಗಳ ಜೊತೆಗೆ ಈಗ ಡ್ರೋನ್ ಕೂಡ ಕಾಣಿಸಿಕೊಳ್ಳುತ್ತಿದೆ. ನೆರೆದವರೆಲ್ಲರ ಚಿತ್ರವನ್ನು ಮೇಲಿನಿಂದ ತೆಗೆಯುವ ಉತ್ಸಾಹವಾಗಲಿ, ಊರಿನಲ್ಲಿರುವ ಅಜ್ಜ ಅಜ್ಜಿಯರಿಗೆ ಶರತ್ಕಾಲದ ಮರಗಳನ್ನು ತೋರಿಸುವ ಆಸೆಯಾಗಲಿ ಸಹಜವೇ. ಈ ಹವ್ಯಾಸಕ್ಕೆ ನನ್ನ ವಿರೋಧವಿಲ್ಲ. ಆದರೆ ಛಾವಣಿಯ ಮೇಲೆ ಹೆಲಿಪ್ಯಾಡ್ ಇರುವ ಆಸ್ಪತ್ರೆಯಲ್ಲಿ ದುಡಿಯುವ ವೈದ್ಯನಾಗಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕೆನಿಸುತ್ತದೆ: ಆಕಾಶದಲ್ಲಿ ದಾರಿ ಬಿಡುವ ಹೊಣೆ ಎರಡೂ ಕಡೆಯವರದಲ್ಲ, ಡ್ರೋನ್ ಹಾರಿಸುವವರದು ಮಾತ್ರ.

ಇದಕ್ಕೆ ಕಾರಣ ಕಾನೂನಿಗಿಂತ ಮೊದಲು ಮನುಷ್ಯನ ಕಣ್ಣಿನಲ್ಲಿದೆ. ಎದುರಿನಿಂದ ಬರುವ ವಸ್ತುವನ್ನು ಕಂಡು, ಗುರುತಿಸಿ, ಅಪಾಯವನ್ನು ಅರಿತು, ವಿಮಾನವನ್ನು ಪಕ್ಕಕ್ಕೆ ತಿರುಗಿಸಲು ಪೈಲಟ್‌ಗೆ ಸುಮಾರು 12.5 ಸೆಕೆಂಡು ಬೇಕೆಂದು ಇಲ್ಲಿನ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ (ಎಫ್‌ಎಎ) ತನ್ನ ಮಾರ್ಗದರ್ಶಿಯಲ್ಲಿ ಲೆಕ್ಕ ಹಾಕಿದೆ. ಗಂಟೆಗೆ 200 ಕಿಲೋಮೀಟರ್ ವೇಗದ ಹೆಲಿಕಾಪ್ಟರ್ ಅಷ್ಟರಲ್ಲಿ ಸುಮಾರು 700 ಮೀಟರ್ ಕ್ರಮಿಸಿರುತ್ತದೆ. ಊಟದ ತಟ್ಟೆಯಷ್ಟಿರುವ ಡ್ರೋನ್ 700 ಮೀಟರ್ ದೂರದಿಂದ ಆರೋಗ್ಯವಂತ ಕಣ್ಣಿಗೂ ಗ್ರಹಣಶಕ್ತಿಯ ಅಂಚಿನಲ್ಲಿರುವ ಒಂದು ಚುಕ್ಕೆ ಮಾತ್ರ. ಅದೂ ನೇರ ಎದುರಿನಲ್ಲಿದ್ದರೆ ಆ ಚುಕ್ಕೆ ಅತ್ತಿತ್ತ ಚಲಿಸಿದಂತೆ ತೋರುವುದಿಲ್ಲ. ಚಲಿಸದ್ದನ್ನು ನಮ್ಮ ಕಣ್ಣು ಸುಲಭವಾಗಿ ಗಮನಿಸುವುದೂ ಇಲ್ಲ. ಅದೇ ಹೊತ್ತಿನಲ್ಲಿ ನೆಲದ ಮೇಲೆ ನಿಂತವನಿಗೆ ಹೆಲಿಕಾಪ್ಟರ್‌ನ ಸದ್ದು ಕೇಳಿಸುತ್ತಿರುತ್ತದೆ, ದೇಹ ಕಾಣುತ್ತಿರುತ್ತದೆ. ಕಾಣಬಲ್ಲವನೇ ದಾರಿ ಬಿಡಬೇಕು.

ಇದು ಕಲ್ಪನೆಯ ಭಯವಲ್ಲ. 2017ರ ಸೆಪ್ಟೆಂಬರ್ 21ರ ಸಂಜೆ ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್ ಬಳಿ ಹವ್ಯಾಸಿಯೊಬ್ಬನ ಫ್ಯಾಂಟಮ್ 4 ಡ್ರೋನ್, ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರಿಗೆ ಅಪ್ಪಳಿಸಿತು. ಹೆಲಿಕಾಪ್ಟರ್ ಹಾರುತ್ತಿದ್ದುದು ಸುಮಾರು 300 ಅಡಿ ಎತ್ತರದಲ್ಲಿ. ಅದರ ಮುಖ್ಯ ರೆಕ್ಕೆಗೆ ಪೆಟ್ಟು ಬಿದ್ದರೂ ಅದು ಸುರಕ್ಷಿತವಾಗಿ ಇಳಿಯಿತು. ಡ್ರೋನ್ ಹಾರಿಸುತ್ತಿದ್ದವನು ಅಲ್ಲಿಂದ ಎರಡೂವರೆ ಮೈಲಿ ದೂರದಲ್ಲಿದ್ದ. ಕಣ್ಣಿಗೆ ಕಾಣದ ಡ್ರೋನನ್ನು ಪರದೆ ನೋಡಿಕೊಂಡೇ ನಡೆಸುತ್ತಿದ್ದ. ಡಿಕ್ಕಿಯಾದದ್ದೇ ಅವನಿಗೆ ತಿಳಿದಿರಲಿಲ್ಲ. ಹೆಲಿಕಾಪ್ಟರಿನಲ್ಲಿ ಸಿಕ್ಕಿಕೊಂಡಿದ್ದ ಡ್ರೋನ್ ಭಾಗದ ಸಂಖ್ಯೆಯಿಂದ ತನಿಖಾಧಿಕಾರಿಗಳು ಅವನನ್ನು ಪತ್ತೆಹಚ್ಚಿದ ಮೇಲಷ್ಟೇ ಅವನಿಗೆ ವಿಷಯ ಗೊತ್ತಾಯಿತು.

2025ರ ಜನವರಿ 9ರಂದು ಲಾಸ್ ಏಂಜಲೀಸಿನ ಪ್ಯಾಲಿಸೇಡ್ಸ್ ಕಾಳ್ಗಿಚ್ಚಿನ ಮೇಲೆ ನೀರು ಸುರಿಯುತ್ತಿದ್ದ, ಕೆನಡಾದ ಕ್ಯುಬೆಕ್‌ನಿಂದ ನೆರವಿಗೆ ಬಂದಿದ್ದ ವಿಮಾನಕ್ಕೂ ಹೀಗೆಯೇ ಆಯಿತು. ಬೆಂಕಿಯ ದೃಶ್ಯ ನೋಡಲು ಒಬ್ಬಾತ ಹಾರಿಸಿದ ಚಿಕ್ಕ ಡ್ರೋನ್ ವಿಮಾನದ ಎಡ ರೆಕ್ಕೆಯಲ್ಲಿ ಸುಮಾರು ಮೂರು ಅಂಗುಲ ಅಗಲ, ಆರು ಅಂಗುಲ ಉದ್ದದ ರಂಧ್ರ ಮಾಡಿತು. ಮನೆಗಳು ಉರಿಯುತ್ತಿದ್ದ ದಿನಗಳಲ್ಲಿ ಆ ವಿಮಾನ ದುರಸ್ತಿಗೆಂದು ನೆಲದ ಮೇಲೆ ನಿಲ್ಲಬೇಕಾಯಿತು. ಹಾರಿಸಿದಾತ ಮುಂದೆ ತಪ್ಪೊಪ್ಪಿಕೊಂಡು, 65,000 ಡಾಲರ್‌ಗೂ ಹೆಚ್ಚಿನ ಪರಿಹಾರ ಕೊಡಲು ಸಮ್ಮತಿಸಿದ. ಎರಡೂ ಪ್ರಕರಣಗಳಲ್ಲಿ ಕೇಡು ಬಗೆಯುವ ಉದ್ದೇಶ ಯಾರಿಗೂ ಇರಲಿಲ್ಲ. ಡ್ರೋನ್ ಕಣ್ಣಿಗೆ ಕಾಣದಷ್ಟು ದೂರ ಹೋಗಿತ್ತು, ಅಷ್ಟೆ.

ನಿಯಮಗಳೇನೂ ಕಠಿಣವಲ್ಲ. ಹವ್ಯಾಸಿಗಳು ಟ್ರಸ್ಟ್ ಎಂಬ ಉಚಿತ ಆನ್‌ಲೈನ್ ಪರೀಕ್ಷೆ ಮುಗಿಸಿರಬೇಕು. ಸಾಮಾನ್ಯ ವಾಯುಪ್ರದೇಶದಲ್ಲಿ ನೆಲದಿಂದ 400 ಅಡಿ ಮೀರಬಾರದು. ಡ್ರೋನ್ ಸದಾ ಕಣ್ಣಳತೆಯಲ್ಲಿರಬೇಕು. ವಿಮಾನ ನಿಲ್ದಾಣಗಳ ಸುತ್ತಲಿನ ನಿಯಂತ್ರಿತ ಪ್ರದೇಶದಲ್ಲಿ ಮುಂಚಿತವಾಗಿ ಅನುಮತಿ ಪಡೆಯಬೇಕು. 250 ಗ್ರಾಂ ಅಥವಾ ಹೆಚ್ಚು ತೂಗುವ ಡ್ರೋನ್‌ಗಳಿಗೆ ನೋಂದಣಿ ಬೇಕು. ಶುಲ್ಕ ಮೂರು ವರ್ಷಕ್ಕೆ ಐದು ಡಾಲರ್. ನಮ್ಮವರಲ್ಲಿ ಬೇರೂರಿರುವ ತಪ್ಪು ತಿಳಿವಳಿಕೆಯೊಂದು ಇಲ್ಲಿಯೇ ಇದೆ. 'ನನ್ನದು 249 ಗ್ರಾಂ, ನನಗೆ ಯಾವ ನಿಯಮವೂ ಇಲ್ಲ' ಎನ್ನುವವರಿದ್ದಾರೆ. ಅವರಿಗೆ ಸಿಕ್ಕಿರುವುದು ನೋಂದಣಿಯ ವಿನಾಯಿತಿ ಮಾತ್ರ. ಎತ್ತರ, ಕಣ್ಣಳತೆ, ದಾರಿ ಬಿಡುವಿಕೆ ಎಲ್ಲ ತೂಕಕ್ಕೂ ಅನ್ವಯಿಸುತ್ತವೆ.

400 ಅಡಿಯ ಕೆಳಗಿದ್ದರೆ ಸಾಕು ಎಂಬ ನೆಮ್ಮದಿಯೂ ಪೂರ್ಣ ಸತ್ಯವಲ್ಲ. ಅಪಘಾತದ ಗಾಯಾಳುವನ್ನು ಹೊತ್ತು ಆಸ್ಪತ್ರೆಯ ಛಾವಣಿಗೋ ಹೆದ್ದಾರಿಯ ಬದಿಗೋ ಇಳಿಯುವ ಹೆಲಿಕಾಪ್ಟರ್ ಆ 400 ಅಡಿಗಳನ್ನು ಹಾದೇ ಬರಬೇಕು. ರಕ್ತಸ್ರಾವವಾಗುತ್ತಿರುವ ರೋಗಿಗೆ ಪ್ರತಿ ನಿಮಿಷವೂ ಬೆಲೆಯುಳ್ಳದ್ದು. ದಾರಿಯಲ್ಲಿ ಡ್ರೋನ್ ಇದೆಯೆಂದು ಪೈಲಟ್ ಒಂದು ಸುತ್ತು ಹೆಚ್ಚು ಹೊಡೆದರೂ ಅದರ ಬೆಲೆ ತೆರುವವನು ರೋಗಿ. ಆದ್ದರಿಂದ ಹೆಲಿಕಾಪ್ಟರ್ ಸದ್ದು ಕಿವಿಗೆ ಬಿದ್ದೊಡನೆ, ಅದು ಎತ್ತ ಹೋಗುತ್ತದೋ ನೋಡೋಣವೆಂದು ಕಾಯದೆ, ಡ್ರೋನನ್ನು ಕೂಡಲೇ ಕೆಳಗಿಳಿಸಬೇಕು. ಗಾಬರಿಯಲ್ಲಿ 'ಮನೆಗೆ ಮರಳು' ಗುಂಡಿಯನ್ನು ಒತ್ತಬಾರದು. ಹಲವು ಡ್ರೋನ್‌ಗಳು ಮರಳುವ ಮುನ್ನ ಮೊದಲೇ ನಿಗದಿಪಡಿಸಿದ ಎತ್ತರಕ್ಕೆ ಏರುತ್ತವೆ. ಬೇಕಾದುದು ಅದರ ವಿರುದ್ಧ.

ಇನ್ನು ಹವ್ಯಾಸಿಗಳ ನಡುವಿನ ಸೌಜನ್ಯ. ಒಂದೇ ಉದ್ಯಾನದಲ್ಲಿ ಮೂವರು ಹಾರಿಸುತ್ತಿದ್ದರೆ ಮೊದಲು ಪರಸ್ಪರ ಮಾತನಾಡಬೇಕು. ಯಾರು ಯಾವ ದಿಕ್ಕಿನಲ್ಲಿ, ಎಷ್ಟು ಎತ್ತರದಲ್ಲಿ ಎಂದು ಹಂಚಿಕೊಳ್ಳಬೇಕು. ಮೂವರೂ ಮರಳುವ ಎತ್ತರವನ್ನು ಒಂದೇ ಅಂಕಿಗೆ ಇಟ್ಟಿದ್ದರೆ, ಬ್ಯಾಟರಿ ಮುಗಿಯುವ ಹೊತ್ತಿಗೆ ಮೂರೂ ಯಂತ್ರಗಳು ಒಂದೇ ಎತ್ತರದಲ್ಲಿ ಒಂದೇ ಕಡೆಗೆ ಧಾವಿಸಬಹುದು. ಬೇರೆ ಬೇರೆ ಅಂಕಿ ಇಡುವುದು ಕ್ಷಣದ ಕೆಲಸ. ಕಣ್ಣಿಗೆ ವಿಡಿಯೊ ಕನ್ನಡಕ ಕಟ್ಟಿಕೊಂಡು ಹಾರಿಸುವವರ ಪಕ್ಕದಲ್ಲಿ ಡ್ರೋನನ್ನು ಬರಿಗಣ್ಣಿನಿಂದ ನೋಡುತ್ತಿರುವ ಒಬ್ಬರು ಇರಲೇಬೇಕು. ಅಂಥವರು ಚಾನೆಲ್ ಯಾವುದೆಂದು ಕೇಳದೆ ತಮ್ಮ ಯಂತ್ರ ಚಾಲೂ ಮಾಡಿದರೆ, ಆಗಲೇ ಗಾಳಿಯಲ್ಲಿರುವವರ ಚಿತ್ರ ಅಳಿಸಿಹೋಗಬಹುದು. 'ಏರುತ್ತಿದ್ದೇನೆ', 'ಇಳಿಯುತ್ತಿದ್ದೇನೆ' ಎಂದು ಗಟ್ಟಿಯಾಗಿ ಹೇಳುವುದು ಮಾದರಿ ವಿಮಾನಗಳ ಕ್ಲಬ್ಬುಗಳಲ್ಲಿ ಹಳೆಯ ರೂಢಿ. ಜನರ ತಲೆಯ ಮೇಲೆ ಹಾರಿಸದಿರುವುದೂ ಅಲ್ಲಿನ ಶಿಸ್ತು. ಗುಂಪಿನ ಚಿತ್ರವನ್ನು ಪಕ್ಕದಿಂದ, ಓರೆಯಾಗಿ ತೆಗೆದರೂ ಚೆನ್ನಾಗಿಯೇ ಬರುತ್ತದೆ.

ಪ್ರವಾಸಕ್ಕೆ ಬರುವ ಬಂಧುಗಳು ಎರಡು ಸಂಗತಿ ನೆನಪಿಡಲಿ. ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್ ಮೊದಲಾದ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದ ಡ್ರೋನ್ ಹಾರಾಟಕ್ಕೆ ನಿಷೇಧವಿದೆ. ಹಾಗೆಯೇ ಭಾರತ ಸರ್ಕಾರ 2022ರ ಫೆಬ್ರವರಿಯಲ್ಲಿ ವಿದೇಶಿ ಡ್ರೋನ್‌ಗಳ ಆಮದನ್ನು ಸಂಶೋಧನೆ, ರಕ್ಷಣೆ, ಭದ್ರತೆಯ ಉದ್ದೇಶಗಳ ಹೊರತು ನಿಷೇಧಿಸಿದೆ. ಮೊಮ್ಮಗನಿಗೆಂದು ಪೆಟ್ಟಿಗೆಯಲ್ಲಿ ತಂದ ಉಡುಗೊರೆ ಬೆಂಗಳೂರಿನ ಕಸ್ಟಮ್ಸ್ ದಾಟದೆ ಹೋಗಬಹುದು. ಇಲ್ಲಿಗೆ ಓದಲು, ದುಡಿಯಲು ಬರಬೇಕೆಂದಿರುವ ತರುಣರಿಗೆ ಇನ್ನೊಂದು ಮಾತು. ವೀಸಾ ಅರ್ಜಿ ಎಂದಾದರೂ ಬಂಧನ, ಶಿಕ್ಷೆ ಆಗಿದೆಯೇ ಎಂದು ಕೇಳುತ್ತದೆ. ಹತ್ತು ನಿಮಿಷದ ವಿಡಿಯೊ ಆ ಪ್ರಶ್ನೆಗೆ ಉತ್ತರವಾಗಬಾರದು.

ಕನ್ನಡ ಕೂಟಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿಯೂ ಸರಳ. ಹೊರಾಂಗಣ ಕಾರ್ಯಕ್ರಮಗಳಲ್ಲಿ ಅಡುಗೆಗೆ, ವಾಹನ ನಿಲುಗಡೆಗೆ ಒಬ್ಬೊಬ್ಬರನ್ನು ನೇಮಿಸುವಂತೆ ಡ್ರೋನ್ ಹಾರಾಟಕ್ಕೂ ಒಬ್ಬ ತಿಳಿದವರನ್ನು ನೇಮಿಸಿ. ಒಂದು ಹೊತ್ತಿಗೆ ಒಂದೇ ಡ್ರೋನ್ ಏರಲಿ, ಎಲ್ಲರಿಗೂ ಒಂದೇ ಚಿತ್ರ ಹಂಚಿಕೆಯಾಗಲಿ. ಹಿಂದೆ ಸರಿದು ದಾರಿ ಬಿಡುವುದನ್ನು ನಮ್ಮ ಹಿರಿಯರು ಸೋಲೆಂದು ಎಣಿಸಲಿಲ್ಲ, ನಡತೆಯೆಂದು ಕರೆದರು. ಮೇಲಿನಿಂದ ಇಳಿಯುತ್ತಿರುವ ಹೆಲಿಕಾಪ್ಟರ್‌ನ ಸ್ಟ್ರೆಚರ್ ಮೇಲೆ ಮಲಗಿರುವವರು ಯಾರ ಮನೆಯವರೋ ನಮಗೆ ತಿಳಿಯದು. ದಾರಿ ಬಿಡಲು ಅದು ತಿಳಿಯಬೇಕಾಗಿಯೂ ಇಲ್ಲ.